ಕೂಗಿದ ಬಣ್ಣ

ಸೊಸೆಯ ಫೋನಿನಲ್ಲಿ ಎಸಿಯ ಫ್ಯಾನು ತಿರುಗುತ್ತಿತ್ತು, ಮನೆಯಲ್ಲಿ ತಿರುಗುತ್ತಿರಲಿಲ್ಲ.

"ನೋಡ್ರೀ, ಆನ್ ಅಂತಾನೇ ತೋರಿಸ್ತಿದೆ," ಎಂದು ಅವಳು ಫೋನನ್ನು ಗಂಡನ ಮೂಗಿನವರೆಗೂ ಒಯ್ದಳು. "ಚಿತ್ರದಲ್ಲಿ ರೆಕ್ಕೆ ಎಷ್ಟು ಚೆನ್ನಾಗಿ ಸುತ್ತುತ್ತಿದೆ! ಗಾಳಿ ಮಾತ್ರ ಇಲ್ಲ. ಊರಿಗೆಲ್ಲ ತಂಪು ಮಾಡಿ ಬರೋರು ನೀವು. ದೀಪದ ಕೆಳಗೆ ಕತ್ತಲೆ ಅನ್ನೋದು ಇದಕ್ಕೇ."

ಗಂಡ ಕುರ್ಚಿ ಹತ್ತಿ, ತಂಪು ಗಾಳಿ ಬರುವ ಚಾವಣಿಯ ಜಾಲರಿಗೆ ಅಂಗೈ ಒಡ್ಡಿದ. ಗಾಳಿಯ ಸುಳಿವೇ ಇರಲಿಲ್ಲ. ಆದರೆ ಹಿಂದಿನ ಗೋಡೆಯಾಚೆ ಕಂಪ್ರೆಸರ್ ಗುಂಯ್ ಎನ್ನುತ್ತಿತ್ತು. ತಂಪು ಬೇಕೆಂದರೆ ಫ್ಯಾನೂ ಕಂಪ್ರೆಸರೂ ಎರಡೂ ಓಡುತ್ತಿದ್ದವು. ಫ್ಯಾನೊಂದನ್ನೇ ಕೇಳಿದರೆ ಒಳಗಿನ ಫ್ಯಾನು ಸುಮ್ಮನಿದ್ದು ಹೊರಗಿನ ಕಂಪ್ರೆಸರ್ ಓಗೊಡುತ್ತಿತ್ತು. ಫೋನಿನಿಂದಲೇ ಎಸಿ ನಡೆಸಲೆಂದು ನಿನ್ನೆ ಗೋಡೆಗೇರಿದ ಸ್ಮಾರ್ಟ್ ಥರ್ಮೋಸ್ಟಾಟಿಗೋ, ಮನೆ ತಣ್ಣಗಾದ ಮೇಲೂ ಸ್ವಲ್ಪ ಹೊತ್ತು ಫ್ಯಾನೊಂದನ್ನೇ ಓಡಿಸುವ ಚಾಳಿ. ಹಾಗಾಗಿ ಗಾಳಿಯಿಲ್ಲದೆ ಕಂಪ್ರೆಸರ್ ಓಡಿ ಓಡಿ, ಅಟ್ಟದಲ್ಲಿದ್ದ ಎಸಿ ಪೆಟ್ಟಿಗೆಯೊಳಗಿನ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟಿ, ಅದು ಕರಗಿ, ಬೆಳಿಗ್ಗೆ ಅಮ್ಮನ ಹಾಸಿಗೆಯ ಮೇಲೆ ತೊಟ್ಟಿಕ್ಕಿತ್ತು.

ಅವನು ಎಸಿ ಮೆಕ್ಯಾನಿಕ್. ಕೆಲಸದ ಜಾಗದಲ್ಲಿ ಅವನಿಗೆ ಮೂರ್ಸಲ ಎಂದು ಹೆಸರು. ಯಾವ ತಂತಿಯನ್ನೂ ಮೂರು ಸಲ ನೋಡದೆ ಬಿಗಿಯುವವನಲ್ಲ. ಜೊತೆಯವರು ಊಟ ಮುಗಿಸಿ ಕೈ ತೊಳೆಯುವಾಗಲೂ ಇವನು ಟಾರ್ಚು ಹಿಡಿದು ನಿಂತಿರುತ್ತಿದ್ದ. ಅವರು ನಕ್ಕರೆ ತಾನೂ ನಗುತ್ತಿದ್ದ. ಆದರೆ ಆ ಹೆಸರು ನಗುವುದಕ್ಕೆ ಹುಟ್ಟಿದ್ದಲ್ಲ.

ಈ ಕಸುಬನ್ನು ಅವನು ಕಲಿತದ್ದು ಅಪ್ಪನ ಬಳಿ. ಅಪ್ಪನದೊಂದು ಪದ್ಧತಿಯಿತ್ತು: ಮಗ ತಂತಿ ಹಿಡಿದು ಬಣ್ಣ ಕೂಗಬೇಕು, ಅಪ್ಪ ಅದನ್ನು ಇಸಿದುಕೊಂಡು ಬಿಗಿಯಬೇಕು. "ಬಾಯಲ್ಲಿ ಬಂದದ್ದು ತಲೆಯಲ್ಲಿ ಉಳಿಯುತ್ತೆ," ಎನ್ನುತ್ತಿದ್ದರು. ಒಂದು ದಿನ ಹಣ್ಣಿನ ಗೋದಾಮಿನಲ್ಲಿ ಮಾಲೀಕ ಅವಸರ ಮಾಡಿದನೆಂದು ಮಗ ಮಾಳಿಗೆಯ ಮೇಲಿನಿಂದ ಕೂಗಿದ, ಅಪ್ಪ ಕೆಳಗೆ ಒಬ್ಬರೇ ತಂತಿ ಆರಿಸಿ ಬಿಗಿದರು. ಯಂತ್ರ ಸುಟ್ಟುಹೋಯಿತು. ಬುಟ್ಟಿಗಟ್ಟಲೆ ಹಣ್ಣು ಕೊಳೆಯಿತು. "ಮಗ ತಪ್ಪು ಕೂಗಿದ," ಎಂದರು ಅಪ್ಪ. ಇಬ್ಬರೂ ದುಡಿಯುತ್ತಿದ್ದ ಕಂಪನಿ ಮಗನನ್ನು ತೆಗೆದು ಅಪ್ಪನನ್ನು ಉಳಿಸಿಕೊಂಡಿತು. ತಾನು ಸರಿಯಾಗಿಯೇ ಕೂಗಿದ್ದೆ ಎಂದು ಅವನಿಗೆ ಮೊದಮೊದಲು ಅನ್ನಿಸುತ್ತಿತ್ತು. ಅಪ್ಪ ಸುಳ್ಳು ಹೇಳುವವರಲ್ಲವಾದ್ದರಿಂದ ಕ್ರಮೇಣ ಆ ಅನ್ನಿಸಿಕೆಯೂ ಸತ್ತಿತು. ಉಳಿದದ್ದು ಮೂರು ಸಲ ನೋಡುವ ಅಭ್ಯಾಸ.

ಅಪ್ಪ ತೀರಿಕೊಂಡು ವರ್ಷ ದಾಟಿತ್ತು. ನಿನ್ನೆ ಅವರ ಕಾಲದ ಹಳೆಯ ಥರ್ಮೋಸ್ಟಾಟನ್ನು ಬಿಚ್ಚಿದಾಗ ಅವನಿಗೆ ಆಶ್ಚರ್ಯವಾಗಿತ್ತು. ಫ್ಯಾನಿನ ಜಾಗದಲ್ಲಿ ಹಸಿರು ತಂತಿ ಇರಬೇಕಿತ್ತು, ಹಳದಿ ಇತ್ತು. ಕಂಪ್ರೆಸರಿನ ಜಾಗದಲ್ಲಿ ಹಳದಿ ಇರಬೇಕಿತ್ತು, ಹಸಿರು ಇತ್ತು. ಇದ್ದದ್ದನ್ನು ಇದ್ದ ಹಾಗೆಯೇ ಹೊಸದಕ್ಕೆ ಹಾಕುವುದು ಈ ಕಸುಬಿನ ಮೊದಲ ಪಾಠ. ಬೇರೆಯವರ ಮನೆಯಾಗಿದ್ದರೆ ಹಾಗೆಯೇ ಮಾಡುತ್ತಿದ್ದ. ಆದರೆ ಇದು ಅಪ್ಪ ಸ್ವಂತ ಕೈಯಿಂದ ಎಳೆದ ತಂತಿ, ಅಪ್ಪ ತಪ್ಪುವುದುಂಟೇ? ಯಾರೋ ಆಮೇಲೆ ಕೈಯಾಡಿಸಿದ್ದಾರೆ ಎಂದುಕೊಂಡು ಬಣ್ಣಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಮೂರು ಸಲ ನೋಡಿ ಮುಚ್ಚಿದ್ದ.

ಈಗ ಮೇನ್ ಸ್ವಿಚ್ ಆರಿಸಿ ಅಟ್ಟ ಹತ್ತಿ ಪೆಟ್ಟಿಗೆಯ ಬಾಗಿಲು ತೆಗೆದ. ಅಲ್ಲಿಯೂ ಹಸಿರು ಹಳದಿಯ ಜಾಗದಲ್ಲಿತ್ತು, ಹಳದಿ ಹಸಿರಿನ ಜಾಗದಲ್ಲಿ. ಸ್ಕ್ರೂಗಳ ಮೇಲೆ ದೂಳು ಹೆಪ್ಪುಗಟ್ಟಿತ್ತು, ಯಾರೂ ಮುಟ್ಟಿದಂತಿರಲಿಲ್ಲ. ತಂತಿಯ ತುದಿಯನ್ನು ಕೊಕ್ಕೆಯಂತೆ ಎಡಕ್ಕೆ ಬಾಗಿಸಿದ್ದು ಅಪ್ಪನ ಕೈಯೇ. ಎರಡು ಕಡೆಯೂ ಒಂದೇ ಥರ ಅದಲುಬದಲಾಗಿದ್ದರಿಂದ ಇಷ್ಟು ಕಾಲ ತೊಂದರೆಯಿಲ್ಲದೆ ನಡೆದಿತ್ತು. ಇವನು ಒಂದು ಕಡೆ ಸರಿ ಮಾಡಿ ಕೆಡಿಸಿದ್ದ.

ಅವನು ಸ್ಕ್ರೂಡ್ರೈವರ್ ಹಿಡಿದೇ ಕೆಳಗಿಳಿದ. ಅಮ್ಮ ಊಟದ ಮೇಜಿನ ಬಳಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು.

"ಅಮ್ಮ, ಈ ತಂತಿ ಎಳೆಯುವಾಗಲೂ ಬಣ್ಣ ಕೂಗಿದ್ದು ನಾನೇ ಇರಬೇಕು. ಚಿಕ್ಕವನಿದ್ದೆ, ನೆನಪಿಲ್ಲ. ಇಲ್ಲೂ ತಪ್ಪು ಕೂಗಿದ್ದೀನಿ ನೋಡು. ಗೋದಾಮಿನಲ್ಲಿ ಆದದ್ದೇ ಇಲ್ಲೂ ಆಗಿದೆ. ಪಾಪ, ಅಪ್ಪ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ."

ಅಮ್ಮ ಹಣ್ಣನ್ನು ತಟ್ಟೆಯಲ್ಲಿಟ್ಟರು. ಮಗ ಈ ಮಾತು ಹೇಳುತ್ತಾನೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಗಂಡನಿಗೆ ಕೊಟ್ಟ ಮಾತು ನೆನಪಾಯಿತು. ಗೋಡೆಯ ಮೇಲೆ ಆತನ ಫೋಟೋ ಇತ್ತು. ಹೊರಗೆ ಹೋಗುವ ಮುನ್ನ ಮಗ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದುದನ್ನು ಅವರು ದಿನಾ ನೋಡುತ್ತಿದ್ದರು. ಹೇಳಿದರೆ ನಾಳೆಯಿಂದ ಅವನು ಅಲ್ಲಿ ನಿಲ್ಲುತ್ತಾನೋ ಇಲ್ಲವೋ. ಹೇಳದಿದ್ದರೆ ಇವನು ಸಾಯುವವರೆಗೂ ಮೂರ್ಸಲ.

"ಈ ತಂತಿ ಎಳೆಯೋವಾಗ ನೀನು ಹೊಟ್ಟೆಯಲ್ಲಿದ್ದೆ ಕಣೋ," ಎಂದರು.

ಅವನು ಕುರ್ಚಿ ಎಳೆದು ಕೂತ.

"ನನ್ನನ್ನ ಆಸ್ಪತ್ರೆಯಲ್ಲಿ ಮಲಗಿಸಿದ್ರು. ಬಣ್ಣ ಹೇಳೋಕೆ ಮನೆಯಲ್ಲಿ ಯಾರೂ ಇರಲಿಲ್ಲ. ಅವರಿಗೆ ಹಸಿರೂ ಹಳದಿಯೂ ಒಂದೇ ಥರ ಕಾಣ್ತಿತ್ತು, ಮಗಾ. ಹುಟ್ಟಿದಾಗಿನಿಂದ. ಬಾಳೆಹಣ್ಣು ತರೋಕೆ ಹೋದ್ರೆ ಒಂದೊಂದನ್ನೂ ಹಿಚುಕಿ ನೋಡ್ತಿದ್ರಲ್ಲ, ಅಂಗಡಿಯವನು ಬೈತಿದ್ದ, ನಾವೆಲ್ಲ ನಗ್ತಿದ್ವಿ. ಕಾಯೋ ಹಣ್ಣೋ ಅಂತ ಕಣ್ಣಿಗೆ ತಿಳೀತಿರಲಿಲ್ಲ. ಅದಕ್ಕೇ ಹಿಚುಕ್ತಿದ್ದಿದ್ದು."

ಅಡುಗೆಮನೆಯ ಬಾಗಿಲಲ್ಲಿ ಸೊಸೆ ಫೋನನ್ನು ಮೆಲ್ಲಗೆ ಕೆಳಗಿಳಿಸಿದಳು.

"ಮತ್ತೆ ಗೋದಾಮು?" ಎಂದ ಮಗ.

"ನೀನು ಸರಿಯಾಗೇ ಕೂಗಿದ್ದೆ."

"ನಿನಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು. ಅವರು ಊಟಕ್ಕೆ ಏಳಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ಇದು ಹೊರಗೆ ಬಿದ್ರೆ ನನ್ನನ್ನ ತಂತಿ ಮುಟ್ಟೋಕೆ ಯಾರು ಬಿಡ್ತಾರೆ, ಅವನಿಗಿನ್ನೂ ಚಿಕ್ಕ ವಯಸ್ಸು, ಬೇರೆ ಕಡೆ ಕೆಲಸ ಸಿಗುತ್ತೆ ಅಂದ್ರು. ಯಾರಿಗೂ ಹೇಳಬೇಡ ಅಂತ ಕೈ ಹಿಡ್ಕೊಂಡ್ರು."

"ನೀನು ಹೂಂ ಅಂದೆ."

"ಹೂಂ ಅಂದೆ."

ಅವನಿಗೆ ಸಿಟ್ಟು ಬಂತು. ಸಿಟ್ಟೆಂದರೆ ಸಾಮಾನ್ಯದ ಸಿಟ್ಟಲ್ಲ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಆ ಫೋಟೋದ ಮೇಲೆ ಎಸೆಯಬೇಕೆನ್ನುವಂಥದ್ದು. ಕೆಲಸದಿಂದ ತೆಗೆದದ್ದಕ್ಕೂ ಅಲ್ಲ. ಎಷ್ಟೋ ಯಂತ್ರಗಳ ಮುಂದೆ ಟಾರ್ಚು ಹಿಡಿದು ತನ್ನ ಕಣ್ಣನ್ನೇ ನಂಬದೆ ನಿಂತಿದ್ದಕ್ಕೆ. ಆ ಕಣ್ಣು ಯಾವತ್ತೂ ಸರಿಯಾಗಿತ್ತು. ಸರಿಯಿಲ್ಲದ ಕಣ್ಣು ಇನ್ನೊಬ್ಬರದು.

"ನನಗೆ ಹೇಳಿದ್ರೆ ನಾನೇ ಒಪ್ಕೊತಿದ್ದೆ," ಎಂದ. "ಕೇಳಿದ್ರೆ ಸಾಕಿತ್ತು. ತಪ್ಪು ನಂದೇ ಅಂತ ನಾನೇ ಹೋಗಿ ಹೇಳ್ತಿದ್ದೆ."

"ಅದೂ ಅವರಿಗೆ ಗೊತ್ತಿತ್ತು," ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೇಳೋಕೆ ಮುಖ ಇರಲಿಲ್ಲ, ಅಷ್ಟೇ."

ಮೇನ್ ಆರಿಸಿದ್ದರಿಂದ ಫ್ರಿಜ್ಜಿನ ಸದ್ದೂ ಇರಲಿಲ್ಲ. ಸೆಕೆ ಏರುತ್ತಿತ್ತು. ಸೊಸೆ ಒಂದು ಲೋಟ ನೀರು ತಂದು ಗಂಡನ ಮುಂದಿಟ್ಟಳು, ಇನ್ನೊಂದನ್ನು ಅತ್ತೆಯ ಮುಂದಿಟ್ಟಳು. ಅವನು ಕುಡಿಯಲಿಲ್ಲ. ಎದ್ದು ಗೋಡೆಯ ಬಳಿ ಹೋಗಿ ಹೊಸ ಥರ್ಮೋಸ್ಟಾಟಿನ ಮುಖ ಕಳಚಿದ. ಎರಡು ಸ್ಕ್ರೂ ಸಡಿಲಿಸಿ ಎರಡು ತಂತಿ ಹೊರಗೆಳೆದ.

"ಅಮ್ಮ, ಇಲ್ಲಿ ಬಾ."

ಅಮ್ಮ ಎದ್ದು ಬಂದರು. ಅವನು ಅವರ ಕಡೆಗಾಗಲಿ ತಂತಿಯ ಕಡೆಗಾಗಲಿ ತಿರುಗದೆ ಒಂದು ತುದಿಯನ್ನು ಎತ್ತಿ ಹಿಡಿದ.

"ಇದು ಯಾವ ಬಣ್ಣ?"

ಪ್ರತಿ ಬೆಳಿಗ್ಗೆ ಬೀರುವಿನ ಮುಂದೆ ಅಂಗಿ ಎತ್ತಿ ಹಿಡಿದು, ಹೀಗೆಯೇ ಮುಖ ಆ ಕಡೆ ಮಾಡಿಕೊಂಡು, ಇದೇ ದನಿಯಲ್ಲಿ ಅಪ್ಪನೂ ಅವರನ್ನು ಕೇಳುತ್ತಿದ್ದರು.

"ಹಸಿರು," ಎಂದರು.

ಅವನು ಅದನ್ನು ಕಂಪ್ರೆಸರಿನ ಜಾಗಕ್ಕೆ, ಅಪ್ಪ ಇಟ್ಟಿದ್ದ ಕಡೆಗೇ ಸೇರಿಸಿ ಬಿಗಿದ.

"ಇದು?"

"ಹಳದಿ."

ಅದನ್ನು ಫ್ಯಾನಿನ ಜಾಗಕ್ಕೆ ಸೇರಿಸಿ ಬಿಗಿದ. ಸೊಸೆ ವಾಡಿಕೆಯಂತೆ ಟಾರ್ಚು ಹುಡುಕಿ ಅವನ ಕಡೆ ಚಾಚಿದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಮುಚ್ಚಳ ಒತ್ತಿ ಹಾಕಿ, ಹೋಗಿ ಮೇನ್ ಸ್ವಿಚ್ ಎತ್ತಿದ.

ಅಟ್ಟದಲ್ಲಿ ಫ್ಯಾನು ಗೊರಗುಟ್ಟಿ ಶುರುವಾಯಿತು. ಜಾಲರಿಯಿಂದ ಚಿಟಿಕೆ ದೂಳು ಉದುರಿ ಅಮ್ಮನ ತಲೆಯ ಮೇಲೆ ಬಿತ್ತು. ಅವನು ಬಂದು ಅದನ್ನು ಬೆರಳ ತುದಿಯಿಂದ ಕೊಡವಿದ.