ಕೊತ್ತಿಯ ಉಬ್ಬಸ

"ಅದ್ರ ಬಾಯಿ ಅಗಲ್ಸು ಕಣ್ಲಾ, ಇನ್ನೊಂದು ತುತ್ತು ತುರುಕಾನ," ಎಂದು ಪುಟ್ಟಗೌರಮ್ಮ ಮಗ ರಂಗಸ್ವಾಮಿಯ ತೊಡೆಯ ಮೇಲಿದ್ದ ಬೆಕ್ಕಿನ ಕತ್ತು ಹಿಡಿದಳು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದೆಯೆಂದು ಬೆಳಗಿನಿಂದ ತಾಯಿ ಮಗ ಅದಕ್ಕೆ ಮುದ್ದೆ ನುಂಗಿಸುವ ಸಾಹಸದಲ್ಲಿದ್ದರು. ಬೆಕ್ಕು ಕತ್ತು ಚಾಚಿ, ಬಾಯಿ ತೆರೆದು, ಪಕ್ಕೆ ಒಳಗೆಳೆದುಕೊಂಡು ಉಸಿರಾಡುತ್ತಿತ್ತು.

"ಮುಳ್ಳಲ್ಲ ಅತ್ತೆ, ಉಬ್ಬಸ," ಎಂದಳು ಒಲೆಯ ಮುಂದಿದ್ದ ಸೊಸೆ ಜಯಲಕ್ಷ್ಮಮ್ಮ. "ಹಬ್ಬ ಆದಾಗಿಂದ ಅದು ಮಗ್ಗುಲಾಗಿ ಮಲಗೇ ಇಲ್ಲ. ಕುಂತ್ಕಂಡೇ ತೂಕಡುಸ್ತದೆ."

"ಕೊತ್ತಿ ಕಾಯ್ಲೆ ನಿಂಗೇನ್ ಗೊತ್ತು?"

ಜಯಲಕ್ಷ್ಮಮ್ಮನಿಗೆ ಗೊತ್ತಿತ್ತು. ಒಲೆಗೊಡ್ಡುವ ಕಬ್ಬಿನ ಹಸಿ ಸೋಗೆಯ ಹೊಗೆ ಕುಡಿದು ಕುಡಿದು ಹೋದ ವರ್ಷದಿಂದ ಅವಳೂ ರಾತ್ರಿಯೆಲ್ಲ ಗೋಡೆಗೊರಗಿ ಕೂತಿರುತ್ತಿದ್ದಳು. ಅವರೂರು ಕ್ಯಾತನಹಳ್ಳಿಗೆ ಗ್ಯಾಸು ಆಗಷ್ಟೇ ಬರತೊಡಗಿತ್ತು. ನಮಗೂ ಒಂದು ತರಿಸಿ ಎಂದದ್ದಕ್ಕೆ ಗಂಡ ರಂಗಸ್ವಾಮಿ, ಗ್ಯಾಸಿನ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಎಂದಿದ್ದ. ಅವಳದು ಕೆಲಸ ಕಂಡಾಗ ಬರುವ ಕೆಮ್ಮು ಎಂಬುದು ಅತ್ತೆಯ ತೀರ್ಮಾನ. ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ಬೆಕ್ಕಿನ ಮಾತು ಬೇರೆ. ತಮ್ಮ ಕೈಯಲ್ಲಿ ಬೆಕ್ಕು ಸತ್ತರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು, ಇಲ್ಲದಿದ್ದರೆ ಪಾಪ ಏಳು ಜನ್ಮಕ್ಕೂ ಬಿಡದು ಎಂಬ ಭಯ ಮುದುಕಿಗೆ. ಪಕ್ಕದ ಮನೆಯ ಎಮ್ಮೆ ನೋಡಲು ಬಂದಿದ್ದ ದನದ ಡಾಕ್ಟರನ್ನು ರಂಗಸ್ವಾಮಿ ಸೀದಾ ಅಡುಗೆಮನೆಗೇ ಕರೆತಂದ.

"ಬೆಕ್ಕು ಬಾಯಲ್ಲಿ ಉಸಿರಾಡ್ತಿದೆ ಅಂದ್ರೆ ತುಂಬ ಕಷ್ಟದಲ್ಲಿದೆ ಅಂತಾನೇ," ಎಂದರು ಡಾಕ್ಟರು. "ಹೊಟ್ಟೆ ಕಮ್ಮಾರನ ತಿದಿ ಥರ ಆಡ್ತಿದೆ ನೋಡಿ. ಬಾಯಿಗೆ ಏನೂ ತುರುಕಬೇಡಿ. ಈ ಹೊಗೇಲಂತೂ ಇಟ್ಕೋಬೇಡಿ." ಒಂದು ಸೂಜಿ ಚುಚ್ಚಿದರು.

ಜಯಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು. "ನಂಗೂ ಇಂಗೇ ಆಯ್ತದೆ ಡಾಕ್ಟ್ರೇ. ಮಲಗುದ್ರೆ ಉಸ್ರು ಕಟ್ತದೆ."

ರಂಗಸ್ವಾಮಿ ನಕ್ಕ. "ದನದ್ ಡಾಕ್ಟ್ರತ್ರ ತೋರುಸ್ಕತಾಳಂತೆ, ನೋಡಿ ಸಾ."

ಡಾಕ್ಟರು ನಗಲಿಲ್ಲ. "ಇವರನ್ನ ನಾಳೇನೇ ಪಾಂಡವಪುರದ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಆಯ್ತು ಸಾ, ಕಬ್ಬು ಕಡ್ದು ಮುಗೀಲಿ."

ಜಯಲಕ್ಷ್ಮಮ್ಮ ಮತ್ತೆ ಒಲೆಯ ಮುಂದೆ ಕೂತಳು. ಸೊಸೆ ಸತ್ತರೆ ಚಿನ್ನದ ಸೊಸೆ ಮಾಡಿಸಿ ಕೊಡಬೇಕೆಂದು ಯಾವ ಶಾಸ್ತ್ರದವರೂ ಹೇಳಿಲ್ಲವಲ್ಲ. ಇದನ್ನು ಕೂಗಿ ಹೇಳೋಣವೆಂದರೆ ಅಷ್ಟು ಉಸಿರಿರಲಿಲ್ಲ.

ಸಂಜೆ ಪುಟ್ಟಗೌರಮ್ಮ ನಡುಮನೆಯಲ್ಲಿ ಹಳೆಯ ಸೀರೆ ಮಡಿಸಿ ಹಾಸಿ ಬೆಕ್ಕನ್ನು ಮಲಗಿಸಿದಳು. ಅದರ ಏದುಸಿರು ಕೊಂಚ ತಗ್ಗಿತ್ತು. ಜಯಲಕ್ಷ್ಮಮ್ಮ ಮುದ್ದೆಗೆ ಎಸರಿಟ್ಟು ಊದುಗೊಳವೆ ಹಿಡಿದಳು. ಸೋಗೆ ಹತ್ತಿಕೊಳ್ಳದೆ ಹೊಗೆ ನಡುಮನೆಗೆ ನುಗ್ಗಿತು.

"ಕೊತ್ತಿಗೆ ಹೊಗೆ ಆಗ್ಬಾರ್ದು ಅಂತ ಡಾಕ್ಟ್ರು ಯೋಳ್ಲಿಲ್ವಾ," ಎನ್ನುತ್ತ ಪುಟ್ಟಗೌರಮ್ಮ ಎದ್ದು ಬಂದು ಅಡುಗೆಮನೆಯ ಬಾಗಿಲು ಎಳೆದಳು. ಗಾಳಿಗೆ ತೆರೆದುಕೊಳ್ಳದಿರಲೆಂದು ಆಚೆಯಿಂದ ಚಿಲಕವನ್ನೂ ಹಾಕಿದಳು.

ಹೊಗೆಯೆಲ್ಲ ಒಳಗೇ ತುಂಬಿಕೊಂಡಿತು. ಎಸರು ಇನ್ನೂ ಕಾದಿರಲಿಲ್ಲ. ಜಯಲಕ್ಷ್ಮಮ್ಮ ಒಲೆಯ ಕಡೆ ಬಗ್ಗಿದಳು.