ಹಿಂದಿನ ಕಾಲು

ಈಗಿನ ಗಿರಾಕಿಗಳಿಗೆ ಮೇಜಿಗಿಂತ ಮೊದಲು ಮೇಜಿನ ಚಿತ್ರ ಬೇಕು. ಹಾಗಾಗಿ ದಿನವಿಡೀ ಉಜ್ಜುಗೊರಡು ತಳ್ಳಿ ಸೋತ ಕೈಯಲ್ಲೇ ಬಡಗಿ ಚಿತ್ರ ಕಲಿಯಲೆಂದು ಮಗಳೆದುರು ಪೆನ್ಸಿಲ್ ಹಿಡಿದು ಕೂರುತ್ತಿದ್ದ. ಗೆರೆಗಳೇನೋ ನೆಟ್ಟಗೆ ಬರುತ್ತಿದ್ದವು, ಮೇಜು ಮಾತ್ರ ಸೊಟ್ಟಗಾಗುತ್ತಿತ್ತು.

"ಅಪ್ಪಾ, ದೂರದ್ದು ಚಿಕ್ಕದಾಗಿ ಕಾಣುತ್ತೆ. ಹಿಂದಿನ ಕಾಲು ಗಿಡ್ಡ ಮಾಡು ಅಂತ ಎಷ್ಟು ಸಲ ಬಡ್ಕೋಬೇಕು?"

"ಗಿಡ್ಡ ಕಾಲಿನ ಮೇಜು ಮಾಡಿ ಯಾರ ಹತ್ರ ಉಗಿಸ್ಕೊಳ್ಳಲಿ?"

"ಇದು ಕಾಗದ ಕಣಪ್ಪಾ!"

ವಾದಿಸುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಹಲ್ಲು ಕಚ್ಚಿಕೊಂಡು ಹಿಂದಿನ ಕಾಲುಗಳನ್ನು ಗಿಡ್ಡವಾಗಿ ಎಳೆದ. ಮೇಜು ಥೇಟ್ ಮೇಜಿನಂತೆ ನಿಂತಿತು.

"ಅಬ್ಬಾ, ಕೊನೆಗೂ!" ಎಂದು ಮಗಳು ನೀರು ಕುಡಿಯಲು ಎದ್ದುಹೋದಳು.

ಮರಳಿ ಬಂದಾಗ ಅಪ್ಪ ಕೂತಲ್ಲೇ ತೂಕಡಿಸುತ್ತಿದ್ದ. ಮೇಜು ಅಲುಗಾಡದಿರಲೆಂದು, ಹಾಳೆಯಲ್ಲಿ ಪ್ರತಿ ಗಿಡ್ಡ ಕಾಲಿನಡಿಗೂ ಒಂದು ಮರದ ಚಕ್ಕೆ ಕೊಟ್ಟಿದ್ದ.