ಕಾಜಕ್ಕನ ಕೈ

ಎಕ್ಸ್‌ರೇ ರಿಪೋರ್ಟಿನಲ್ಲಿ ಏನೂ ಇಲ್ಲವೆಂದು ಬಂದ ಮಾರನೆಯ ದಿನ ಅಂಗಡಿಯಲ್ಲಿ ಕಾಜಕ್ಕನ ಒರಗು ಕುರ್ಚಿಯನ್ನು ತೆಗೆದು ಬರೀ ಹಲಗೆಯ ಸ್ಟೂಲು ಹಾಕಿದರು. ಕುರ್ಚಿಯನ್ನು ಮಾಲೀಕರ ಕೋಣೆಗೆ ಒಯ್ದರು. ಅದರಲ್ಲಿ ಯಾರೂ ಕೂರಲಿಲ್ಲ. ಹಳೆಯ ಅಳತೆ ಪುಸ್ತಕಗಳನ್ನು ಪೇರಿಸಿದರು.

ಕೋಟು ಹೊಲಿಯುವ ಆ ಅಂಗಡಿಯಲ್ಲಿ ಒಂಬತ್ತು ಜನ. ಗುಂಡಿ ತೂರುವ ಸೀಳಿನ ಅಂಚಿಗೆ ಕೈಯಲ್ಲೇ ದಾರ ಸುತ್ತಿ ಗಂಟು ಕೂರಿಸುವ ಕೆಲಸ, ಅಂದರೆ ಕಾಜಾ, ಅವಳೊಬ್ಬಳದು. ಹತ್ತೊಂಬತ್ತು ವರ್ಷ ಅದನ್ನೇ ಮಾಡಿ ಮಾಡಿ, ಹೆತ್ತವರಿಟ್ಟ ಹೆಸರು ಈಗ ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವಳ ಎದುರು ಕೂರುತ್ತಿದ್ದ ಗುಂಡಿಯಮ್ಮ ಎರಡು ವರ್ಷಕ್ಕೆ ದೊಡ್ಡವಳು. "ಇವಳು ತೂತು ಮಾಡ್ತಾಳೆ, ನಾನು ಮುಚ್ತೀನಿ. ಇದೇ ನಮ್ಮ ಸಂಸಾರ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದಳು.

ನೋವು ಶುರುವಾಗಿ ಎರಡು ವರ್ಷ. ಒಂದು ವಾರ ಬಲಗೈ ಮಣಿಕಟ್ಟು, ಮರುವಾರ ಮೊಣಕಾಲು, ಆಮೇಲೆ ಹೇಳದೆ ಕೇಳದೆ ಹೆಗಲು. ನಡುವೆ ಹತ್ತು ದಿನ ಏನೂ ಇಲ್ಲ. ಆ ಹತ್ತು ದಿನಗಳೇ ಅವಳಿಗೆ ಶತ್ರುಗಳಾಗಿದ್ದವು. ಆಗ ಅವಳು ಸರಸರ ನಡೆದದ್ದನ್ನು, ನಕ್ಕಿದ್ದನ್ನು ಎಲ್ಲರೂ ನೋಡಿಟ್ಟುಕೊಳ್ಳುತ್ತಿದ್ದರು. ಊತವಿಲ್ಲ, ಕೆಂಪಿಲ್ಲ, ತೋರಿಸಲು ಒಂದು ತರಚು ಗಾಯವೂ ಇಲ್ಲ. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಖುಷಿ ಪಡಿ, ಎಲ್ಲ ನಾರ್ಮಲ್ ಎಂದರು. ಇನ್ನೊಂದು ಸಲ ನೋಡಿ ಎಂದಳು. ಅವರು ಫಿಲ್ಮನ್ನು ಲಕೋಟೆಗೆ ಸೇರಿಸುತ್ತಾ, ಮನಸ್ಸಿಗೇನಾದರೂ ಚಿಂತೆಯೇ, ಗಂಡನ ಜೊತೆ ಹೇಗಿದ್ದೀರಿ ಎಂದು ಕೇಳಿದರು.

ಗಂಡ ಬಸ್ ಡ್ರೈವರ್. ಕೆಟ್ಟವನಲ್ಲ. ಮೊದಲ ವರ್ಷ ಮುಲಾಮು ತಿಕ್ಕಿದ. "ನಿನ್ನ ನೋವಿಗೆ ಭಾರಿ ಟ್ರಾನ್ಸ್‌ಫರ್ ಕಣೇ, ಒಂದು ಕಡೆ ನಿಲ್ಲೋದೇ ಇಲ್ಲ" ಎಂದು ನಗಿಸಿದ. ಎರಡನೆಯ ವರ್ಷ, ಇವತ್ತು ಎಲ್ಲಿ ಎಂದಷ್ಟೇ ಕೇಳುತ್ತಿದ್ದ. ಈಗ ಅದನ್ನೂ ಕೇಳುತ್ತಿರಲಿಲ್ಲ. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ತೊಟ್ಟಿಕ್ಕುವ ನಲ್ಲಿಗೆ ಮನೆಯವರ ಕಿವಿ ಒಗ್ಗಿಹೋಗುತ್ತದಲ್ಲ, ಹಾಗೆ. ಬೆಳಿಗ್ಗೆ ಅವಳು ಮೊದಲು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಆಮೇಲೆ ಮಂಚದ ಅಂಚು ಹಿಡಿದು ಏಳುವಾಗ ಅವನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಎಚ್ಚರವಾಗಿದ್ದಾನೆಂದು ಅವನ ಉಸಿರಿನಲ್ಲೇ ಅವಳಿಗೆ ತಿಳಿಯುತ್ತಿತ್ತು.

ಭಾನುವಾರ ಅವನಿಗೆ ಡ್ಯೂಟಿ. ಆ ಮಧ್ಯಾಹ್ನಗಳಲ್ಲಿ ಅವಳು ಚಿಲಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತು, ಅವನ ಹಳೆಯ ಪ್ಯಾಂಟಿನ ತುಂಡುಗಳ ಮೇಲೆ ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಕಲಿತಳು. ಬೆರಳು ಚುಚ್ಚಿಸಿಕೊಂಡಳು. ದಾರ ತಿರುಚಿಕೊಂಡರೆ ಹಲ್ಲಲ್ಲಿ ಕಡಿದು ಮತ್ತೆ ಪೋಣಿಸಿದಳು. ನಾಲ್ಕು ತಿಂಗಳು ಹಿಡಿಯಿತು. ಯಾರಿಗೂ ಹೇಳಲಿಲ್ಲ. ನೋವಿದೆ ಎಂದದ್ದನ್ನೇ ನಂಬದವರಿಗೆ ಇದನ್ನು ಹೇಳಿ ಆಗಬೇಕಾದ್ದೇನು?

ಕುರ್ಚಿ ಹೋದ ಮೇಲೆ ಅವಳು ಸ್ಟೂಲನ್ನು ಮೂಲೆಗೆ ಎಳೆದುಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂರತೊಡಗಿದಳು. ಅಲ್ಲಿ ಕೋಟುಗಳ ರಾಶಿಯ ಮರೆ ಇತ್ತು. ಯಾವುದೋ ದೊಡ್ಡ ಕಂಪನಿಯ ಅಧಿಕಾರಿಗಳಿಗೆ ಮೂವತ್ತೆರಡು ಕೋಟು, ಶನಿವಾರದೊಳಗೆ ಮುಗಿಯಬೇಕು. ಬಲಗೈ ಆ ವಾರ ಸೂಜಿಯನ್ನಿರಲಿ, ಚಹಾದ ಲೋಟವನ್ನೂ ಹಿಡಿಯುತ್ತಿರಲಿಲ್ಲ. ಹದಿನಾಲ್ಕು ಕೋಟುಗಳನ್ನು ಅವಳು ಎಡಗೈಯಲ್ಲಿ ಮುಗಿಸಿದಳು. ಮುಗಿದ ಕೋಟು ಎಣಿಸಲು ಬಂದ ಗುಂಡಿಯಮ್ಮ ಒಮ್ಮೆ ಅಲ್ಲೇ ನಿಂತು ನೋಡಿದಳು. ಎಣಿಸಿಕೊಂಡು ಹೋದಳು.

ಬುಧವಾರ ಕಟಿಂಗ್ ಮಾಸ್ಟರು ಒಂದು ಕೋಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತರು. ಅವಳಿಗೆ ಕಾಜಾ ಕಲಿಸಿದವರು ಅವರೇ. ಯಾರ ಹೊಲಿಗೆ ಯಾರದೆಂದು ಕೈಬರಹ ಓದಿದಂತೆ ಹೇಳಬಲ್ಲವರು. ಅವಳನ್ನು ಕರೆದರು.

"ಇದು ನಿನ್ನ ಕೈ ಅಲ್ಲ" ಎಂದರು.

"ನನ್ನದೇ ಮಾಸ್ಟ್ರೇ."

"ನಂಗೆ ಹೇಳ್ಬೇಡ. ನಿನ್ನ ಗಂಟು ಬಲಕ್ಕೆ ವಾಲುತ್ತೆ. ಇದೆಲ್ಲ ಎಡಕ್ಕೆ ಮಲಗಿದೆ. ಯಾರ ಹತ್ರ ಹಾಕಿಸ್ದೆ?"

ಮಿಷನ್ನುಗಳು ಒಂದೊಂದಾಗಿ ನಿಂತವು. ಇಲ್ಲಿ ಕೂತು ನೋವು ನೋವು ಅನ್ನುತ್ತಾಳೆ, ಕೆಲಸವನ್ನು ಕದ್ದು ಹೊರಗಿನವರಿಗೆ ಕೊಡುತ್ತಾಳೆ ಎಂದು ಪ್ರತಿ ಮುಖವೂ ಆಗಲೇ ತೀರ್ಮಾನಿಸಿತ್ತು. ಅಂಗಡಿಯ ಬಟ್ಟೆ ಹೊರಗೆ ಕೊಟ್ಟವರನ್ನು ಅದೇ ದಿನ ಕಳಿಸುವುದು ಅಲ್ಲಿಯ ರೂಢಿ. ಕಾಜಕ್ಕ ಗುಂಡಿಯಮ್ಮನ ಕಡೆ ನೋಡಿದಳು. ಇವಳು ಹಾಕಿದ್ದನ್ನು ನೋಡಿದೆಯಾ ಎಂದು ಮಾಸ್ಟರೂ ಅವಳನ್ನೇ ಕೇಳಿದರು.

ಗುಂಡಿಯಮ್ಮ ದಾರ ಪೋಣಿಸುತ್ತಿದ್ದಳು. "ನಾನು ನನ್ನ ಕೆಲಸ ಬಿಟ್ಟು ಬೇರೆಯೋರ ಕಡೆ ನೋಡೋಳಲ್ಲ" ಎಂದಳು.

ಎಡಗೈಯಲ್ಲಿ ಹಾಕಿದೆ, ಬಲಗೈ ಬರುತ್ತಿಲ್ಲ ಎಂದು ಕಾಜಕ್ಕ ಹೇಳಿದಾಗ ಇಸ್ತ್ರಿಯವನು, "ಬಿಡಿ ಮಾಸ್ಟ್ರೇ, ನಾಳೆ ಕಾಲಲ್ಲೂ ಹಾಕ್ತಾಳೆ" ಎಂದ. ಎರಡು ಮೂರು ಜನ ನಕ್ಕರು.

ಅವಳು ಕಸದ ಬುಟ್ಟಿಯಿಂದ ಒಂದು ಬಟ್ಟೆಯ ತುಂಡು ಹೆಕ್ಕಿದಳು. ಸೀಳು ಕತ್ತರಿಸಿ, ಎಡಗೈಗೆ ಸೂಜಿ ತೆಗೆದುಕೊಂಡು, ಅಲ್ಲೇ ನಿಂತು ಹೊಲಿಯತೊಡಗಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಮೇಲ್ದುಟಿ ಬೆವರಿತ್ತು. ನಕ್ಕವರು ಮಿಷನ್ನಿನ ಚಕ್ರ ನೋಡುತ್ತಿದ್ದರು. ಮಾಸ್ಟರು ಕನ್ನಡಕ ಏರಿಸಿ, ಆ ತುಂಡನ್ನು ಕೋಟಿನ ಪಕ್ಕಕ್ಕೆ ಹಿಡಿದರು. ಅದೇ ಬಿಗಿ. ಎಡಕ್ಕೆ ಅದೇ ವಾಲಿಕೆ. ಹೆಬ್ಬೆರಳಿನಿಂದ ಗಂಟುಗಳನ್ನು ಒಂದೊಂದಾಗಿ ಸವರಿದರು. ಎರಡು ವರ್ಷದಲ್ಲಿ ಯಾರೂ ಅವಳ ಮಣಿಕಟ್ಟನ್ನು, ಅವರು ಆ ಗಂಟುಗಳನ್ನು ನೋಡಿದಷ್ಟು ಹೊತ್ತು ನೋಡಿರಲಿಲ್ಲ, ಡಾಕ್ಟರೂ ಸಹ.

ಆಮೇಲೆ ದನಿ ತಗ್ಗಿಸಿ ಹೇಳಿದರು. ಗಿರಾಕಿ ಗಮನಿಸಲಿಕ್ಕಿಲ್ಲ, ಆದರೆ ಮಾಲೀಕರ ಕಣ್ಣು ಗೊತ್ತಲ್ಲ. ಬಲಗೈ ಹೋಗಿದೆ ಎಂದು ಅವರಿಗೆ ತಿಳಿದರೆ ಕುರ್ಚಿಯ ಹಾಗೆ ಇವಳನ್ನೂ ತೆಗೆದಿಡುತ್ತಾರೆ. ತಡವಾದದ್ದಕ್ಕೆ ದಾರ ಸರಿಯಿರಲಿಲ್ಲ ಎಂದು ಮಾಸ್ಟರೇ ಮಾಲೀಕರಿಗೆ ಹೇಳಿಕೊಳ್ಳುತ್ತಾರೆ, ಬೇಕಾದರೆ ಬೈಸಿಕೊಳ್ಳುತ್ತಾರೆ. ಅವಳು ಹದಿನಾಲ್ಕೂ ಕೋಟುಗಳ ಕಾಜಾ ಬಿಚ್ಚಿ, ಮಾತ್ರೆಯನ್ನೋ ಏನನ್ನೋ ನುಂಗಿ, ಬಲಗೈಯಲ್ಲೇ ಮತ್ತೆ ಹಾಕಬೇಕು. ಈ ಎಡಗೈ ವಿಷಯ ಇಲ್ಲಿಗೇ ಮುಗಿಯಬೇಕು.

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಕಣಮ್ಮ. ಬಿಚ್ಚಿಬಿಡು" ಎಂದು ಹೊಲಿಗೆ ಬಿಚ್ಚುವ ಬ್ಲೇಡನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು.

ಅವಳು ಅದನ್ನು ಮುಟ್ಟಲಿಲ್ಲ.

"ಬಿಚ್ಚಲ್ಲ ಮಾಸ್ಟ್ರೇ" ಎಂದಳು. "ಮಾಲೀಕರನ್ನ ಕರೀರಿ. ಬಂದು ನೋಡ್ಲಿ."

ಮಾಸ್ಟರು ಮತ್ತೇನೋ ಹೇಳಿದರು. ಅವಳು ಮೂಲೆಗೆ ಹೋಗಿ, ಆ ಹದಿನಾಲ್ಕರಲ್ಲಿ ಒಂದು ಕೋಟನ್ನು ಎಡತೋಳಿನ ಮೇಲೆ ಹಾಕಿಕೊಂಡು ಬಂದು, ಕಾಜಾ ಮೇಲಾಗುವಂತೆ ಕಿಟಕಿಯ ಬೆಳಕಿಗೆ ಹರಡಿದಳು. ಮತ್ತೆ ಇನ್ನೊಂದನ್ನು ತರಲು ಹೋದಳು.